ಅಘನಾಶಿನಿಯ ಅಳಿವೆಯಲ್ಲಿ ಕಯಾಕ್ ಹಿಡಿದು

ನಮ್ಮ ಪಯಣದ ದಿನ ಗೊತ್ತಾದದ್ದು ಪಂಚಾಂಗ ನೋಡಿ. ಜನವರಿಯ ಯಾವ ಭಾನುವಾರವಾದರೂ ಸರಿ ಎಂದು ನಾವು ಹೇಳಿದ್ದೆವು. ಕಯಾಕ್‌ಗಳಲ್ಲಿ, ಅಂದರೆ ಕುಳಿತು ಹುಟ್ಟು ಹಾಕುವ ಕಿರುದೋಣಿಗಳಲ್ಲಿ, ತಂಡಗಳನ್ನು ಕರೆದೊಯ್ಯುವ ಕುಮಟಾ ಕಡೆಯ ತರುಣ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಅಂದು ತಿಥಿ ಯಾವುದು ಅಕ್ಕ?" ಎಂಬುದು. ಹುಣ್ಣಿಮೆ ಕಳೆದ ಮೇಲಿನ ಪಂಚಮಿ ಎಂದೆ. "ಹಾಗಾದರೆ ಬನ್ನಿ. ಬೆಳಗ್ಗೆ ಆರೂವರೆಗೆ ಹೆಗಡೆ ಊರಿನ ದಂಡೆಯಲ್ಲಿರಿ. ಎಂಟಕ್ಕೆ ಬಂದರೆ ಕಯಾಕುಗಳನ್ನು ಕೆಸರಿನಲ್ಲಿ ಎಳೆದುಕೊಂಡು ಹೋಗಬೇಕಾಗುತ್ತದೆ" ಎಂದ.

ಆ ಲೆಕ್ಕ ನನಗೆ ಅರ್ಥವಾದದ್ದು ದಂಡೆಯಲ್ಲಿ ಅವನು ಒದ್ದೆ ಮರಳಿನ ಮೇಲೆ ಗೆರೆ ಎಳೆದು ತೋರಿಸಿದಾಗ. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಕಡಲ ಭರತ, ಅಂದರೆ ಏರುನೀರು, ತುಂಬುವುದು ಬೆಳಗಿನ ಹನ್ನೊಂದರ ಸುಮಾರಿಗೆ. ಮುಂದೆ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಪಂಚಮಿಯ ಹೊತ್ತಿಗೆ ಭರತ ಮಧ್ಯಾಹ್ನ ಮೂರರ ಹತ್ತಿರ ಬಂದು ನಿಂತಿರುತ್ತದೆ. ಇಳಿತದ ಕೊನೆ ಬೆಳಗಿನ ಒಂಬತ್ತಕ್ಕೆ ಬೀಳುತ್ತದೆ. ಅಂದರೆ ಏಳಕ್ಕೆ ನೀರಿಗಿಳಿದರೆ ಇಳಿಯುವ ನೀರೇ ನಮ್ಮನ್ನು ಅಳಿವೆಯ ಕಡೆಗೆ ಒಯ್ಯುತ್ತದೆ. ಒಂಬತ್ತಕ್ಕೆ ನೀರು ನಿಲ್ಲುತ್ತದೆ. ಆಮೇಲೆ ಏರುವ ನೀರು ಮಿರ್ಜಾನಿನವರೆಗೆ ಮೇಲಕ್ಕೆ ತರುತ್ತದೆ. ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಗಾಳಿಯೂ ಬೆನ್ನಿಗೇ ಇರುತ್ತದೆ. ತಂಡದಲ್ಲಿ ಹೆಚ್ಚಿನವರು ಹುಟ್ಟು ಹಿಡಿಯುವುದೇ ಅಂದು ಮೊದಲು. ಅಂಥವರನ್ನು ಕರೆದೊಯ್ಯುವವನು ತೋಳಿನ ಬಲವನ್ನು ನಂಬಿ ದಾರಿ ಹಾಕಬಾರದು ಎಂಬುದು ಅವನ ಮಾತು.

ನಾನು ಸಿರಸಿಯವಳು. ಅಘನಾಶಿನಿ ಹುಟ್ಟುವುದು ನಮ್ಮೂರಿನ ಶಂಕರಹೊಂಡದಲ್ಲಿ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಉಂಚಳ್ಳಿಯಲ್ಲಿ ಅದು 116 ಮೀಟರ್ ಕೆಳಕ್ಕೆ ಧುಮುಕುವುದನ್ನು ಪ್ರತಿ ಮಳೆಗಾಲ ನೋಡಿದ್ದೇನೆ. ಆದರೆ ಆ ನೀರು ಕಡಲನ್ನು ಹೇಗೆ ಸೇರುತ್ತದೆ ಎಂಬುದನ್ನು ನೀರಿನ ಮಟ್ಟದಿಂದ ನೋಡಿದ್ದಿಲ್ಲ. ಹೆದ್ದಾರಿಯ ಸೇತುವೆಯಿಂದ ಕಾಣುವ ಅಗಲವಾದ ನೀರಿಗೂ ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಕುಳಿತು ಕಾಣುವ ನೀರಿಗೂ ಸಂಬಂಧವೇ ಇಲ್ಲ.

ದಂಡೆಯಲ್ಲಿ ಹಸಿರು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಯಾಕುಗಳು ಸಾಲಾಗಿದ್ದವು. ಇಬ್ಬರು ಕೂರುವಂಥವು, ಮೇಲೆ ತೆರೆದಿರುವಂಥವು. ಇವುಗಳೊಳಗೆ ನೀರು ತುಂಬಿ ನಿಲ್ಲುವುದಿಲ್ಲ. ಕಾಲಿನ ಬಳಿಯ ತೂತುಗಳಿಂದ ಬಂದದ್ದು ಹಾಗೆಯೇ ಇಳಿದುಹೋಗುತ್ತದೆ. ಮಾರ್ಗದರ್ಶಕನದು ಮಾತ್ರ ಬೇರೆ ಜಾತಿಯ ಕಡಲ ಕಯಾಕ್: ಸುಮಾರು ಐದು ಮೀಟರ್ ಉದ್ದ, ತೆಳ್ಳನೆಯ ಮೈ, ಸೊಂಟದವರೆಗೆ ಒಳಗಿಳಿದು ಕೂರಬೇಕು. ಅದರ ಹಿಂಬದಿಯಲ್ಲಿ ಸುತ್ತಿಟ್ಟ ಹಗ್ಗವಿತ್ತು. ಯಾರಾದರೂ ಸೋತರೆ ಕಟ್ಟಿ ಎಳೆಯುವುದಕ್ಕೆ ಎಂದ. ಅದು ಬಳಕೆಗೆ ಬರುತ್ತದೆ ಎಂದು ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಭಾವಿಸಿರಲಿಲ್ಲ.

ನೀರಿಗಿಳಿಯುವ ಮೊದಲಿನ ಮುಕ್ಕಾಲು ಗಂಟೆಯ ಬಗ್ಗೆ ವಿವರವಾಗಿಯೇ ಬರೆಯಬೇಕು. ಇಂಥ ಪ್ರವಾಸಗಳಲ್ಲಿ ಜನ ಬೇಸರಪಟ್ಟು ಹಾರಿಸಿಬಿಡುವ ಭಾಗ ಇದೇ, ಉಳಿದ ದಿನವೆಲ್ಲ ನಿಂತಿರುವುದೂ ಇದರ ಮೇಲೆಯೇ. ಲೈಫ್ ಜಾಕೆಟ್ ತೊಟ್ಟ ಮೇಲೆ ಅವನು ಒಬ್ಬೊಬ್ಬರ ಹಿಂದೆ ನಿಂತು ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿದ. ಜಾಕೆಟ್ ಗಲ್ಲದವರೆಗೆ ಏರಿದರೆ ಸಡಿಲ ಎಂದರ್ಥ. ನೀರಿನಲ್ಲಿ ಬಿದ್ದಾಗ ಮನುಷ್ಯ ಕೆಳಗೆ, ಜಾಕೆಟ್ ಮೇಲೆ. ಪಕ್ಕದ ಪಟ್ಟಿಗಳನ್ನು ಮತ್ತೆ ಮತ್ತೆ ಬಿಗಿ ಮಾಡಿಸಿದ. ಸೀಟಿ ಎಲ್ಲರ ಜಾಕೆಟಿನಲ್ಲೂ ಇದೆಯೇ ಎಂದು ಊದಿಸಿ ನೋಡಿದ. ಜೀನ್ಸ್ ತೊಟ್ಟು ಬಂದಿದ್ದ ಇಬ್ಬರನ್ನು ಬಟ್ಟೆ ಬದಲಾಯಿಸಿ ಬರಲು ಕಳಿಸಿದ. ಬರಿಗಾಲಿನವರಿಗೆ ಪಟ್ಟಿಯಿರುವ ಚಪ್ಪಲಿ ಕೊಟ್ಟ. ಅಳಿವೆಯ ಬಂಡೆಗಳಿಗೆ ಕಚ್ಚಿಕೊಂಡಿರುವ ಚಿಪ್ಪುಗಳು ಬ್ಲೇಡಿನಷ್ಟು ಹರಿತ, ಗಾಯವಾದರೆ ಬೇಗ ಮಾಯುವುದಿಲ್ಲ.

ಆಮೇಲೆ ಎದೆಮಟ್ಟದ ನೀರಿನಲ್ಲಿ ಎಲ್ಲರನ್ನೂ ಬೇಕೆಂದೇ ಮಗುಚಿಸಿದ. ಚಳಿಗಾಲದ ಬೆಳಗಿನಲ್ಲಿ ಇದು ಯಾರಿಗೂ ಇಷ್ಟವಾಗಲಿಲ್ಲ, ಆದರೆ ನನ್ನ ಮಟ್ಟಿಗೆ ದಿನದ ಅತಿ ಮುಖ್ಯ ಪಾಠ ಅದು. ಮೊದಲು ಕೈಯಲ್ಲಿ ಹುಟ್ಟು ಇದೆಯೇ ನೋಡಬೇಕು. ಆಮೇಲೆ ಬೋರಲು ಬಿದ್ದ ಕಯಾಕಿನ ಆಚೆ ಅಂಚನ್ನು ಹಿಡಿದು ನಮ್ಮ ಕಡೆಗೆ ಎಳೆದು ನೇರ ಮಾಡಬೇಕು. ಹತ್ತುವಾಗ ಮೈಯನ್ನು ನೀರಿನಲ್ಲಿ ಲಂಬವಾಗಿ ತೂಗಿಬಿಟ್ಟರೆ ಎಷ್ಟು ಬಲವಿದ್ದರೂ ಆಗುವುದಿಲ್ಲ. ಕಾಲುಗಳನ್ನು ಹಿಂದಕ್ಕೆ ಚಾಚಿ, ಈಜುವವರ ಹಾಗೆ ಒದೆಯುತ್ತ, ಹೊಟ್ಟೆಯ ಮೇಲೆ ಜಾರಿ ಅಡ್ಡ ಮಲಗಬೇಕು. ಆಮೇಲೆ ಹೊರಳಿ ಕೂರಬೇಕು, ಕೊನೆಗೆ ಕಾಲು ಒಳಗೆ. ನಮ್ಮಲ್ಲಿ ಅರವತ್ತರ ಹತ್ತಿರದ ನಿವೃತ್ತ ಶಿಕ್ಷಕರೊಬ್ಬರಿದ್ದರು, ಹುಬ್ಬಳ್ಳಿಯವರು, ಈಜು ಬಾರದವರು. ಎರಡು ಸಲ ಜಾರಿ ಬಿದ್ದು ಮೂರನೆಯ ಸಲ ಹತ್ತಿ ಕುಳಿತಾಗ ಅವರ ಮುಖದಲ್ಲಿದ್ದ ಹೆದರಿಕೆ ಹೋಗಿತ್ತು. ಈಜು ಬಾರದವರನ್ನು ಇಂಥ ಕಡೆ ಕರೆದುಕೊಂಡು ಬರಬಾರದು ಎಂದು ವಾದಿಸುವವರಿದ್ದಾರೆ. ಸರಿಯಾದ ಜಾಕೆಟ್ ತೊಡಿಸಿ, ಬಿದ್ದು ಏಳುವುದನ್ನು ಮೊದಲೇ ಕಲಿಸಿದರೆ ಬರಬಹುದು ಎಂಬುದು ಅಂದು ನನಗೆ ಮನದಟ್ಟಾಯಿತು. ಕಲಿಸದೆ ಕರೆದೊಯ್ಯುವುದು ಮಾತ್ರ ಅಪರಾಧ.

ಹುಟ್ಟು ಹಾಕುವುದನ್ನು ಅವನು ಕಲಿಸಿದ ಬಗೆ ನೆನಪಿನಲ್ಲಿ ಉಳಿಯುವಂಥದ್ದು. "ತೋಳಿನಿಂದ ಎಳೆಯಬೇಡಿ ಅಕ್ಕ, ಬೀಸುವ ಕಲ್ಲು ತಿರುಗಿಸುವಾಗ ಮೈ ಹೇಗೆ ತಿರುಗುತ್ತದೋ ಹಾಗೆ ಸೊಂಟದಿಂದ ಮೇಲಕ್ಕೆ ಇಡೀ ಮೈ ತಿರುಗಲಿ" ಎಂದ. ಹುಟ್ಟಿನ ಅಗಲವಾದ ತುದಿಯನ್ನು ಪಾದದ ಹತ್ತಿರ ನೀರಿಗೆ ಪೂರ್ತಿ ಮುಳುಗಿಸಬೇಕು, ಸೊಂಟದ ಹತ್ತಿರ ಬರುತ್ತಿದ್ದಂತೆ ಹೊರಗೆ ತೆಗೆಯಬೇಕು. ಸೊಂಟದಿಂದ ಹಿಂದಕ್ಕೆ ಎಳೆದಷ್ಟೂ ಕಯಾಕ್ ಮುಂದೆ ಹೋಗುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಜೋಡಿಯಲ್ಲಿ ಮುಂದೆ ಕುಳಿತವರು ಲಯ ಹಿಡಿಯಬೇಕು, ಹಿಂದಿನವರು ಅದನ್ನು ಅನುಸರಿಸುತ್ತ ದಿಕ್ಕು ನೋಡಿಕೊಳ್ಳಬೇಕು. ಇದಿಷ್ಟು ಸರಿಯಾಗಿ ಕೂಡಿಬರಲು ನಮಗೆ ಅರ್ಧ ದಾರಿ ಬೇಕಾಯಿತು.

ಹೊರಡುವ ಮೊದಲು ಸಾಲು ಹಾಕಿದ. ಅವನು ಮುಂದೆ, ಅವನ ಜೊತೆಗಾರ ಎಲ್ಲರಿಗಿಂತ ಹಿಂದೆ. ಮುಂದಿನವನನ್ನು ಯಾರೂ ದಾಟುವಂತಿಲ್ಲ, ಹಿಂದಿನವನಿಗಿಂತ ಯಾರೂ ಹಿಂದುಳಿಯುವಂತಿಲ್ಲ. ಅತ್ಯಂತ ನಿಧಾನದ ಜೋಡಿಯನ್ನು ತನ್ನ ಬೆನ್ನ ಹಿಂದೆಯೇ ಇಟ್ಟುಕೊಂಡ. ಅವರನ್ನು ಕೊನೆಗೆ ಬಿಟ್ಟರೆ ಉಳಿದವರು ಕಾಯುತ್ತಾರೆ, ಅವರು ಬಂದು ಸೇರುವಷ್ಟರಲ್ಲಿ ಕಾದವರು ದಣಿವಾರಿಸಿಕೊಂಡು ಹೊರಡುತ್ತಾರೆ, ಬಂದವರಿಗೆ ಮಾತ್ರ ವಿಶ್ರಾಂತಿಯೇ ಸಿಗುವುದಿಲ್ಲ. ಗುಂಪಿನಲ್ಲಿ ಬೆಟ್ಟ ಹತ್ತಿದ ಯಾರಿಗಾದರೂ ಈ ಕಷ್ಟ ಗೊತ್ತು. ಒಂದು ಸೀಟಿ ಎಂದರೆ ನನ್ನ ಕಡೆ ನೋಡಿ, ಮೂರು ಎಂದರೆ ಸಹಾಯ ಬೇಕು. ಹುಟ್ಟು ನೆಟ್ಟಗೆ ಎತ್ತಿ ಹಿಡಿದರೆ ಎಲ್ಲರೂ ಅವನ ಹತ್ತಿರ ಸೇರಬೇಕು.

ಏಳು ಗಂಟೆಗೆ ಹೊರಟಾಗ ಗಾಳಿಯೇ ಇರಲಿಲ್ಲ. ನೀರು ಸದ್ದಿಲ್ಲದೆ ಇಳಿಯುತ್ತಿತ್ತು, ನಾವು ಹುಟ್ಟು ನಿಲ್ಲಿಸಿದರೂ ದಂಡೆಯ ತೆಂಗಿನ ಮರಗಳು ಹಿಂದಕ್ಕೆ ಸರಿಯುತ್ತಿದ್ದವು. ಎಡಕ್ಕೂ ಬಲಕ್ಕೂ ಕೆಸರುದಿಬ್ಬಗಳು ಬೆನ್ನು ತೋರಿಸತೊಡಗಿದ್ದವು. ಅವುಗಳ ಮೇಲೆ ಬೆಳ್ಳಕ್ಕಿಗಳು, ಚಳಿಗಾಲಕ್ಕೆಂದು ದೂರದಿಂದ ಬಂದ ಸಣ್ಣ ದಂಡೆಹಕ್ಕಿಗಳ ಹಿಂಡು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ತುದಿಯಲ್ಲಿ ಗರುಡ. ಮೋಟಾರ್ ದೋಣಿ ಬಂದರೆ ಎಲ್ಲವೂ ಎದ್ದು ಹೋಗುತ್ತವೆ. ಕಯಾಕ್ ತನ್ನಷ್ಟಕ್ಕೆ ತೇಲುತ್ತ ಬಂದರೆ ಹಕ್ಕಿಗಳು ತಲೆ ಎತ್ತಿ ನೋಡಿ ಮತ್ತೆ ಕೆಸರಿಗೆ ಕೊಕ್ಕು ಹಾಕುತ್ತವೆ. ಆದರೂ ಹತ್ತಿರ ಹೋಗಬೇಡಿ ಎಂದ ಮಾರ್ಗದರ್ಶಕ. ಕೆಸರು ತೆರೆದಿರುವ ಈ ಹೊತ್ತೇ ಅವುಗಳಿಗೆ ಊಟದ ಹೊತ್ತು, ಹಾರಿಸಿದರೆ ಅವುಗಳ ಅನ್ನ ಕಿತ್ತುಕೊಂಡಂತೆ.

ಅಲ್ಲಲ್ಲಿ ಗೂಟ ನೆಟ್ಟು ಬಲೆ ಕಟ್ಟಿದ್ದರು. ನೀರಿನ ಮೇಲೆ ತೇಲುವ ಥರ್ಮಾಕೋಲ್ ತುಂಡುಗಳು ಕಂಡಲ್ಲಿ ಸುತ್ತಿ ಹೋಗಬೇಕು, ಬಲೆಯ ಮೇಲೆ ಹಾಯಬಾರದು. ಒಬ್ಬ ಮುದುಕ ಪಾತಿದೋಣಿಯಲ್ಲಿ ನಿಂತು ಬೀಸುಬಲೆ ಎಸೆಯುತ್ತಿದ್ದ. ಅವನು ಬಲೆ ಎಳೆದು ಮುಗಿಸುವವರೆಗೆ ನಮ್ಮ ಸಾಲು ಇಡಿಯಾಗಿ ನಿಂತು ಕಾಯಿತು. ಇದು ಅವರ ಹೊಲ, ನಾವು ಬದುವಿನ ಮೇಲೆ ನಡೆದು ಹೋಗುವವರು ಎಂಬ ಭಾವ ಆ ತರುಣನ ಪ್ರತಿಯೊಂದು ನಡೆಯಲ್ಲೂ ಇತ್ತು. ಪ್ರವಾಸಿಗರನ್ನು ಕರೆತರುವ ಎಲ್ಲರಲ್ಲೂ ಅದು ಇದ್ದರೆ ಈ ಕರಾವಳಿಯ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಅಳಿವೆ ಹತ್ತಿರವಾಗುತ್ತಿದ್ದಂತೆ ಉತ್ತರಕ್ಕೆ ತದಡಿಯ ಬಂದರು, ದಕ್ಷಿಣಕ್ಕೆ ನದಿಯದೇ ಹೆಸರಿನ ಅಘನಾಶಿನಿ ಊರು, ಅದರ ಹಿಂದಿನ ಗುಡ್ಡ. ಇಲ್ಲಿ ಟ್ರಾಲರುಗಳು ಬಂದು ಹೋಗುವ ಆಳದ ದಾರಿಯಿದೆ, ಎರಡು ದಂಡೆಗಳ ನಡುವೆ ಜನರನ್ನು ದಾಟಿಸುವ ದೋಣಿಯೂ ಓಡಾಡುತ್ತದೆ. ನೀರಿನ ಮಟ್ಟದಲ್ಲಿರುವ ಕಯಾಕ್ ಟ್ರಾಲರಿನ ಚಾಲಕನಿಗೆ ಕಾಣುವುದು ಬಹಳ ತಡವಾಗಿ. ಆದ್ದರಿಂದ ದಾರಿಯ ಅಂಚಿನಲ್ಲಿ ಎಲ್ಲರನ್ನೂ ಒತ್ತೊತ್ತಾಗಿ ಸೇರಿಸಿ, ಎರಡೂ ಕಡೆ ನೋಡಿ, ಒಂದೇ ಗುಂಪಾಗಿ ನೇರ ಅಡ್ಡಕ್ಕೆ ದಾಟಿಸಿದ. ದಕ್ಷಿಣದ ಗುಡ್ಡದ ಮರೆಯಲ್ಲಿ, ಒಳಗಡೆಯೇ, ಸಣ್ಣ ಮರಳುದಂಡೆಯ ಮೇಲೆ ಕಯಾಕುಗಳನ್ನು ಏರಿಸಿದೆವು.

ಅಲ್ಲಿಂದ ಅಳಿವೆಯ ಬಾಯಿ ಕಾಣುತ್ತಿತ್ತು. ಒಳಗೆ ಎಣ್ಣೆಯಂತೆ ನುಣುಪಾಗಿದ್ದ ನೀರು, ಹೊರಗಿನ ಕಡಲೂ ಶಾಂತವೇ. ನಡುವೆ ಮಾತ್ರ ಬಿಳಿ ನೊರೆಯ ಒಂದು ಪಟ್ಟಿ ಎದ್ದು ಬೀಳುತ್ತಿತ್ತು. ಕಾರಣ ಕೇಳಿದೆ. ಕಡಲಿನಿಂದ ಬರುವ ಅಲೆಗೆ ನದಿಯಿಂದ ಹೊರಡುವ ನೀರು ಎದುರಾದರೆ ಅಲೆಗಳ ನಡುವಿನ ಅಂತರ ಕುಗ್ಗಿ ಅವು ಎತ್ತರವಾಗುತ್ತವೆ. ಕೆಳಗೆ ಮರಳದಿಬ್ಬ ಇರುವುದರಿಂದ ಅಲ್ಲೇ ಒಡೆಯುತ್ತವೆ. ಏರುನೀರಿನಲ್ಲಿ ಇದೇ ಜಾಗ ಎಷ್ಟೋ ಮೆತ್ತಗಿರುತ್ತದೆ. ಗುಡ್ಡಗಳ ಆಸರೆಯಿದೆ, ದಂಡೆ ಹತ್ತಿರವಿದೆ ಎಂದು ಅಳಿವೆಯನ್ನು ಸುರಕ್ಷಿತ ಎನ್ನುತ್ತೇವೆ. ಆ ಆಸರೆ ದಿನವಿಡೀ ಒಂದೇ ರೀತಿ ಇರುವುದಿಲ್ಲ, ಗಂಟೆಗೊಮ್ಮೆ ಜಾಗ ಬದಲಿಸುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ. ನಮ್ಮಲ್ಲಿ ಇಬ್ಬರು ಬೆಂಗಳೂರಿನ ಹುಡುಗರು ಹೊರಗಿನವರೆಗೆ ಒಮ್ಮೆ ಹೋಗಿ ಬರೋಣ ಎಂದು ಬಹಳ ಕೇಳಿಕೊಂಡರು. "ಇಲ್ಲ" ಎಂಬ ಒಂದೇ ಮಾತು. ವಿವರಣೆ ಕೊಡುವ ಗೋಜಿಗೂ ಹೋಗಲಿಲ್ಲ.

ಒಂಬತ್ತರ ಸುಮಾರಿಗೆ ನೀರು ನಿಂತಿತು. ತೇಲುತ್ತಿದ್ದ ಒಂದು ತೆಂಗಿನ ಗರಿ ಎತ್ತಲೂ ಹೋಗದೆ ಇದ್ದಲ್ಲೇ ತಿರುಗುತ್ತಿತ್ತು. ಆ ಹೊತ್ತಿಗೆ ಒಳಗಿನ ದಿಬ್ಬಗಳಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಸಾಲಾಗಿ ನಿಂತಿದ್ದರು. ನಾವು ಹಿಂದಿರುಗುವ ದಾರಿ ಅವರ ಪಕ್ಕದಿಂದಲೇ. ಪಾದದಿಂದ ಮರಳು ತಡವಿ, ಸಿಕ್ಕಿದ್ದನ್ನು ಬಗ್ಗಿ ಎತ್ತಿ, ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ಬುಟ್ಟಿಗೆ ಹಾಕುತ್ತಿದ್ದರು. ಒಬ್ಬಾಕೆ ಬುಟ್ಟಿ ನನ್ನ ಕಯಾಕಿನ ಕಡೆ ವಾಲಿಸಿ ತೋರಿಸಿದರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಚಿಪ್ಪುಗಳು, ತಿಳಿಹಳದಿ ಮೈಮೇಲೆ ಕಂದು ಗೆರೆ, ಒದ್ದೆಯಲ್ಲಿ ಹೊಳೆಯುತ್ತಿದ್ದವು. ಸಣ್ಣವನ್ನು ಆರಿಸಿ ಮತ್ತೆ ನೀರಿಗೇ ಹಾಕುತ್ತಿದ್ದರು. "ಎಷ್ಟು ಹೊತ್ತು ಹೆಕ್ಕುತ್ತೀರಿ ಅಮ್ಮಾ?" ಎಂದೆ. "ನೀರು ಎದೆಗೆ ಬರುವವರೆಗೆ ತಂಗಿ. ಆಮೇಲೆ ನದಿ ನಮ್ಮದಲ್ಲ" ಎಂದರು.

ಶರಾವತಿಯ ಅಳಿವೆಯಲ್ಲಿ ಒಂದು ಕಾಲಕ್ಕೆ ಇಂಥದೇ ಸಂಪತ್ತಿತ್ತು. ಅಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಬರತೊಡಗಿದ ಮೇಲೆ ಉಪ್ಪಿನ ಅಂಶ ಕಡಿಮೆಯಾಗಿ ಚಿಪ್ಪುಜೀವಿಗಳು ಬಹುಮಟ್ಟಿಗೆ ಇಲ್ಲವಾದವು. ಅಘನಾಶಿನಿಗೆ ಸುಮಾರು 120 ಕಿಲೋಮೀಟರ್ ಉದ್ದಕ್ಕೂ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಹೀಗೆ ಏರಿಳಿಯುವ ನೀರಿಗೇ ಇಲ್ಲಿನ ಬಳಚು, ಸಿಗಡಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಗ್ಗ ಭತ್ತ ಎಲ್ಲವೂ ಹೊಂದಿಕೊಂಡಿವೆ. 2024ರ ಜನವರಿಯಲ್ಲಿ ಸುಮಾರು 4,800 ಹೆಕ್ಟೇರ್ ವಿಸ್ತಾರದ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಇತ್ತ ಮೇಲ್ಭಾಗದಲ್ಲಿ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಮಾತು ನಮ್ಮ ಸಿರಸಿಯಲ್ಲಿ ಕೇಳುತ್ತಲೇ ಇದೆ. ಊರಿನ ಸಭೆಗಳಲ್ಲಿ ಕಾಡಿನ ಬಗ್ಗೆ, ತೋಟಗಳ ಬಗ್ಗೆ ಮಾತಾಡುತ್ತೇವೆ. ಇನ್ನು ಮುಂದೆ ನಾನು ಆ ಸಭೆಗಳಲ್ಲಿ ಈ ಬುಟ್ಟಿಯ ಬಗ್ಗೆಯೂ ಮಾತಾಡುತ್ತೇನೆ.

ಏರುನೀರು ಮೊದಲ ಗಂಟೆಯಲ್ಲಿ ತಿಳಿಯುವುದೇ ಇಲ್ಲ. ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆಯಲ್ಲೇ ಅರ್ಧದಷ್ಟು ನೀರು ಬಂದುಬಿಡುತ್ತದೆ ಎಂದು ಮಾರ್ಗದರ್ಶಕ ಹೇಳಿದ್ದ. ಹನ್ನೊಂದರ ಹೊತ್ತಿಗೆ ಅದು ನಿಜವಾಯಿತು. ಬೆಳಗ್ಗೆ ಕೆಸರಾಗಿದ್ದ ಕಡೆಗಳಲ್ಲಿ ಈಗ ತೇಲುತ್ತಿದ್ದೆವು, ಕಾಂಡ್ಲಾದ ಊರುಬೇರುಗಳು ಒಂದೊಂದಾಗಿ ಮುಳುಗುತ್ತಿದ್ದವು. ಊಟಕ್ಕೆ ನದಿ ನಡುವಿನ ಒಂದು ಕುರ್ವೆಯಲ್ಲಿ ನಿಂತೆವು. ಅಲ್ಲಿನ ಮನೆಯೊಂದರಲ್ಲಿ ಮೊದಲೇ ಹೇಳಿಟ್ಟಿದ್ದರು: ಕೆಂಪಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ, ಬೇಕೆಂದವರಿಗೆ ಬಳಚಿನ ಸುಕ್ಕಾ, ಕೊನೆಗೆ ಮುರುಗಲು ಹಣ್ಣಿನ ಪಾನಕ. ಬಿಸಿಲಿನಲ್ಲಿ ಹುಟ್ಟು ಹಾಕಿ ಬಂದವರಿಗೆ ಗಂಜಿಯ ತಿಳಿಗಿಂತ ಒಳ್ಳೆಯ ಔಷಧಿ ಇಲ್ಲ. ಬೆಳಗಿನಿಂದ ನೀರು ಕುಡಿಯದೆ ಬಂದಿದ್ದ ಒಬ್ಬ ಹುಡುಗಿಗೆ ತಲೆಸುತ್ತು ಬಂದಿತ್ತು, ಎರಡು ಲೋಟ ಉಪ್ಪು ಹಾಕಿದ ತಿಳಿ ಕುಡಿದು ಅರ್ಧ ಗಂಟೆಯಲ್ಲಿ ಸರಿಯಾದಳು.

ಊಟ ಮುಗಿಸಿ ಹೊರಟಾಗ ಗಾಳಿ ಎದ್ದಿತ್ತು. ನೆಲ ಕಾದು ಕಡಲಿನ ಗಾಳಿಯನ್ನು ಒಳಕ್ಕೆ ಎಳೆಯುವ ಹೊತ್ತು ಅದು. ನೀರೂ ಗಾಳಿಯೂ ಒಂದೇ ದಿಕ್ಕಿಗೆ ಹೋಗುತ್ತಿದ್ದುದರಿಂದ ಸಣ್ಣ ಅಲೆಗಳು ಹಿಂದಿನಿಂದ ಬಂದು ಕಯಾಕನ್ನು ತಳ್ಳುತ್ತಿದ್ದವು. ಹಗುರವಾದ ಹಿಂಭಾಗ ಗಾಳಿಗೆ ಸಿಕ್ಕಿ ಪಕ್ಕಕ್ಕೆ ತಿರುಗುತ್ತಿತ್ತು, ಪ್ರತಿ ಮೂರು ನಾಲ್ಕು ಹೊಡೆತಕ್ಕೊಮ್ಮೆ ನೇರ ಮಾಡಿಕೊಳ್ಳಬೇಕಿತ್ತು. ಇಲ್ಲಿಯೇ ಶಿಕ್ಷಕರ ಭುಜ ಸೋತಿತು. ಅವರ ಜೋಡಿ ಒಂದು ಸೀಟಿ ಊದಿತು. ಮಾರ್ಗದರ್ಶಕ ಹಿಂದಿರುಗಿ ಬಂದು, ಎರಡು ಮಾತಾಡಿ, ಹಗ್ಗದ ಕೊಕ್ಕೆಯನ್ನು ಅವರ ಕಯಾಕಿನ ಮುಂದಿನ ಹಿಡಿಕೆಗೆ ಸಿಕ್ಕಿಸಿದ. "ಸರ್, ನೀವು ಸುಮ್ಮನೆ ಕುಳಿತು ದಿಕ್ಕು ಹೇಳಿ, ಸಾಕು" ಎಂದ. ಎಳೆಸಿಕೊಳ್ಳುವುದು ಅವಮಾನ ಎಂದು ಅವರಿಗೆ ಅನ್ನಿಸದಂತೆ ಅದನ್ನು ಅವನು ಮಾಡಿದ. ಉಳಿದ ನಾವು ಇನ್ನಷ್ಟು ಹತ್ತಿರಕ್ಕೆ ಬಂದು ಅವರ ಎರಡೂ ಬದಿಯಲ್ಲಿ ಸಾಗಿದೆವು. ಬೆಳಗ್ಗೆ ಒಬ್ಬರನ್ನೊಬ್ಬರು ಅರಿಯದಿದ್ದವರು ಆ ಕೊನೆಯ ಒಂದು ಗಂಟೆಯಲ್ಲಿ ತಂಡವಾದೆವು.

ಮಿರ್ಜಾನಿನ ದಂಡೆ ಮುಟ್ಟಿದಾಗ ಎರಡೂವರೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಮೇಲಿನ ಕಾಳುಮೆಣಸು ಈ ನೀರಿನ ದಾರಿಯಲ್ಲೇ ಕಡಲಿಗೆ ಇಳಿಯುತ್ತಿತ್ತು. ಹೊರೆ ಹೊತ್ತ ದೋಣಿಗಳೂ ಇಳಿತ ನೋಡಿ ಹೊರಟು ಭರತ ನೋಡಿ ಮರಳಿದ್ದಿರಬೇಕು. ಕೋಟೆ ನೋಡುವ ಉತ್ಸಾಹ ಬೆಂಗಳೂರಿನ ಹುಡುಗರಿಗೆ ಮಾತ್ರ ಉಳಿದಿತ್ತು. ಉಳಿದವರು ಕಯಾಕುಗಳಿಗೆ ಸಿಹಿನೀರು ಸುರಿದು, ಜಾಕೆಟುಗಳನ್ನು ಎಣಿಸಿ ಹಗ್ಗಕ್ಕೆ ಹಾಕಿ, ಪಿಕಪ್ ಗಾಡಿಗೆ ಎಲ್ಲವನ್ನೂ ಏರಿಸಿದೆವು.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಳಿವೆಗೆ ಇಳಿಯುವ ಮಾತೇ ಬೇಡ. ಕರೆದೊಯ್ಯುವವರಿಗೆ ಹಣ ಕೊಡುವ ಮೊದಲು ಮೂರು ವಿಷಯ ಕೇಳಿ: ಅಂದು ಇಳಿತ ಎಷ್ಟು ಹೊತ್ತಿಗೆ, ಎಳೆಯುವ ಹಗ್ಗ ಇದೆಯೇ, ನೀರಿಗೆ ಬಿದ್ದು ಏಳುವುದನ್ನು ಮೊದಲು ಕಲಿಸುತ್ತೀರಾ. ತಡವರಿಸಿದರೆ ಬೇರೆಯವರನ್ನು ಹುಡುಕಿ. ಬೆನ್ನಿಗೆ ಬೀಳುವ ಬಿಸಿಲಷ್ಟೇ ಅಲ್ಲ, ನೀರಿನಿಂದ ಪುಟಿದು ಗಲ್ಲದ ಕೆಳಗೆ ತಗಲುವ ಬಿಸಿಲೂ ಸುಡುತ್ತದೆ, ಆದ್ದರಿಂದ ಉದ್ದ ತೋಳಿನ ಅಂಗಿ, ಕುತ್ತಿಗೆಗೆ ಪಂಚೆಯ ತುಂಡು ಇರಲಿ. ತಲೆಗೆ ಎರಡು ಲೀಟರಿನಷ್ಟಾದರೂ ಕುಡಿಯುವ ನೀರು ಬೇಕು. ರೈಲಿನಲ್ಲಿ ಬರುವವರಿಗೆ ಕುಮಟಾ ನಿಲ್ದಾಣ ಅನುಕೂಲ, ಅಲ್ಲಿಂದ ಹೆಗಡೆಗೆ ಆಟೊ ಸಿಗುತ್ತದೆ. ಬೆಳಗಿನ ಹೊತ್ತು ಬೇಗ ಬೇಕಾದ್ದರಿಂದ ಹಿಂದಿನ ರಾತ್ರಿಯೇ ಹೇಳಿಟ್ಟಿರಿ.